ತೌಡು ಕೊಟ್ಟು ಕೊಂಡ ಕೆವಿನ್

ಹೆಸರು ಬದಲಾಯಿಸಿಕೊಳ್ಳಲು ಬರುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಕುವೈತಿನ ಮಿರ್ಕಾಬಿನ ಈ ಟೈಪಿಂಗ್ ಅಂಗಡಿಯಲ್ಲಿ ಇಪ್ಪತ್ತೊಂಬತ್ತು ವರ್ಷದಿಂದ ಕೂತಿದ್ದೇನೆ. ಇಕಾಮಾ ಎಂಬ ವಾಸದ ಪರವಾನಗಿಯ ಅರ್ಜಿ, ಪಾಸ್‌ಪೋರ್ಟ್ ಫಾರ್ಮು, ಮಕ್ಕಳ ಜನನ ಪತ್ರ, ಅಫಿಡವಿಟ್ಟು, ಏನೇ ಇರಲಿ, ನಮ್ಮ ಕರಾವಳಿಯವರದ್ದೆಲ್ಲ ನನ್ನ ಬೆರಳ ಕೆಳಗೆ ಹಾದೇ ಹೋಗಬೇಕು. ಜ್ಯೋತಿಷಿ ಹೇಳಿದನೆಂದು ಹೆಸರಿಗೆ ಬಾಲ ಜೋಡಿಸುವವರು, ಬಾಸಿನ ನಾಲಗೆ ಹೊರಳುವುದಿಲ್ಲವೆಂದು ವೆಂಕಟರಮಣನನ್ನು ವೆನ್ ಮಾಡುವವರು, ಎಲ್ಲರಿಗೂ ಟೈಪ್ ಮಾಡಿ ಕೊಡುತ್ತೇನೆ. ಮನಸ್ಸಿನಲ್ಲೇ ಬೈದುಕೊಂಡು ಕೊಡುತ್ತೇನೆ. ಹಾಗಿರುವಾಗ ಕಳೆದ ಫೆಬ್ರವರಿಯಲ್ಲಿ ಕಮಲಾಕ್ಷ ಬಂಗೇರರು ಎದುರಿನ ಕುರ್ಚಿಯಲ್ಲಿ ಕೂತು, ಮಗನ ಹೆಸರು ಬದಲಾಯಿಸಬೇಕಿತ್ತು ಎಂದಾಗ ನನ್ನ ಕೈ ಕೀಬೋರ್ಡಿನ ಮೇಲೆಯೇ ನಿಂತಿತು.

ಕಮಲಾಕ್ಷರು ಇಲ್ಲೇ ಪಕ್ಕದ ಹೋಟೆಲಿನಲ್ಲಿ ಕ್ಯಾಪ್ಟನ್. ಉಡುಪಿ ಕಡೆಯ ತುಳುವರು. ಗಿರಾಕಿ ಸಾಂಬಾರಿನ ತಟ್ಟೆ ದೂಡಿದರೂ ‘ಬೇರೆ ತರ್ತೇನೆ ಸಾರ್’ ಎನ್ನುವ ಜಾತಿಯ ಮನುಷ್ಯ. ಅವರ ಮಗನ ಹೆಸರು ಕೆವಿನ್. ಪೂರ್ತಿ ಹೇಳಬೇಕೆಂದರೆ ಕೆವಿನ್ ಕಮಲಾಕ್ಷ ಬಂಗೇರ. ಇಪ್ಪತ್ತೈದು ವರ್ಷಗಳ ಹಿಂದೆ ಅವನ ಜನನ ಪತ್ರದ ಅರ್ಜಿಯನ್ನು ಟೈಪ್ ಮಾಡಿದ್ದು ನಾನೇ.

“ಎಂತ ಹೆಸರು ಇಡ್ತೀರಿ ಈಗ?” ಎಂದೆ.

“ಕೌಶಿಕ್ ಅಂತ. ಹುಡುಗಿಯ ಅಪ್ಪ ಹೇಳಿದ್ದು. ಕೆವಿನ್ ಅಂತಿದ್ರೆ ಕಾರ್ಡ್ ಮಾಡಿಸುವುದಿಲ್ಲವಂತೆ. ಮದುವೆಯೇ ಬೇಡ ಅಂತ ಆಗ್ತದೆ ಮಾಸ್ಟ್ರೇ.”

“ರತ್ನಾವತಿಗೆ ಗೊತ್ತುಂಟಾ ನೀವಿಲ್ಲಿ ಬಂದದ್ದು?”

ಕಮಲಾಕ್ಷರು ಗೋಡೆಯ ಕ್ಯಾಲೆಂಡರ್ ನೋಡಿದರು. ನಾನು ಫಾರ್ಮನ್ನು ಡ್ರಾಯರಿಗೆ ಹಾಕಿ ಮುಚ್ಚಿದೆ. ಆ ಹೆಂಗಸಿಗೆ ಗೊತ್ತಿಲ್ಲದೆ ಆ ಹೆಸರಿನ ಒಂದು ಅಕ್ಷರವನ್ನೂ ಮುಟ್ಟುವ ಧೈರ್ಯ ನನಗಿರಲಿಲ್ಲ. ಇದ್ದರೂ ಮುಟ್ಟುತ್ತಿರಲಿಲ್ಲ.

ಕಮಲಾಕ್ಷರ ಹೆಂಡತಿ ರತ್ನಾವತಿ ಖೈತಾನ್‌ನ ಒಂದು ಇಂಡಿಯನ್ ಸ್ಕೂಲಿನ ಬಸ್ಸಿನಲ್ಲಿ ಆಯಾ. ಹದಿನೆಂಟು ವರ್ಷದಿಂದ ಬೆಳಿಗ್ಗೆ ಐದೂವರೆಗೆ ಬಸ್ ಹತ್ತುತ್ತಾರೆ. ಗಿಡ್ಡ ಆಳು, ಸೊಂಟಕ್ಕೆ ಸಿಕ್ಕಿಸಿದ ದುಪ್ಪಟ್ಟಾ, ಕೈಯಲ್ಲೊಂದು ನೀರಿನ ಬಾಟಲಿ. ಎಲ್ಲರಿಗೂ ಸಿಟ್ಟು ಬಂದರೆ ಧ್ವನಿ ಏರುತ್ತದೆ, ಈ ಹೆಂಗಸಿನದು ಇಳಿಯುತ್ತದೆ. ಅದು ಇಳಿಯಿತೆಂದರೆ ಬಸ್ಸಿನ ಡ್ರೈವರ್ ಭಾಯಿ ಕೂಡ ರೇಡಿಯೋ ಬಂದ್ ಮಾಡುತ್ತಾನೆ.

ಕೆಲವು ವರ್ಷಗಳ ಹಿಂದೆ ಸ್ಕೂಲಿನವರು ಮಕ್ಕಳ ಬೆನ್ನಿನ ಬ್ಯಾಗಿಗೆ ನಂಬರಿನ ಸ್ಟಿಕ್ಕರ್ ಅಂಟಿಸಿ, ಇನ್ನು ಮೇಲೆ ನಂಬರ್ ಕೂಗಿ ಹತ್ತಿಸಿ, ನಂಬರ್ ಕೂಗಿ ಇಳಿಸಿ ಎಂದರು. ರತ್ನಾವತಿ ಒಪ್ಪಲಿಲ್ಲ. “ನಂಬರ್ ಹಾಕ್ಲಿಕ್ಕೆ ಇವು ಕುರಿಗಳಾ ಮೇಡಂ?” ಎಂದು ಪ್ರಿನ್ಸಿಪಾಲರ ಮುಖಕ್ಕೇ ಕೇಳಿದರು. ಮೆಮೊ ಬಂತು. ಅದನ್ನು ನನ್ನ ಬಳಿ ತಂದು ಓದಿಸಿಕೊಂಡು, ಮಡಚಿ ಪರ್ಸಿಗೆ ಹಾಕಿಕೊಂಡು, ಮರುದಿನ ಮತ್ತೆ ನಲವತ್ತಾರು ಮಕ್ಕಳನ್ನೂ ಹೆಸರು ಹಿಡಿದೇ ಕರೆದರು. ಅಡ್ಡಹೆಸರು ಅವರ ಬಸ್ಸಿನಲ್ಲಿ ನಡೆಯುವುದಿಲ್ಲ. ದಪ್ಪಗಿದ್ದ ಸಹಲಾ ಎಂಬ ಬ್ಯಾರಿ ಹುಡುಗಿಯನ್ನು ಡ್ರೈವರ್ ಒಮ್ಮೆ ‘ಮೋಟಿ’ ಎಂದು ಕರೆದದ್ದಕ್ಕೆ, ಅವನು ಆ ಮಗುವಿನ ಹೆಸರನ್ನು ಸರಿಯಾಗಿ ಹೇಳುವವರೆಗೆ ಬಸ್ಸಿನ ಬಾಗಿಲು ಮುಚ್ಚಲು ಬಿಡಲಿಲ್ಲ. ಹಿಂದೆ ಕಾರುಗಳು ಹಾರ್ನ್ ಹೊಡೆಯುತ್ತಿದ್ದವಂತೆ. ಹೊಡೆಯಲಿ ಎಂದು ನಿಂತಿದ್ದರು.

ಹೆಸರಿನ ವಿಷಯದಲ್ಲಿ ಇಷ್ಟು ಹಟ ಯಾಕೆ ಎಂದು ಕೇಳುವವರಿಗೆ ಅವರು ಉತ್ತರ ಕೊಡುವುದಿಲ್ಲ. ನನಗೂ ಅರ್ಧ ಕತೆ ಮಾತ್ರ ಗೊತ್ತಿತ್ತು.

ಆ ಅರ್ಧ ಕತೆ ಇದು. ರತ್ನಾವತಿ ಮದುವೆಯಾಗಿ ಕುವೈತಿಗೆ ಬಂದ ಮೇಲೆ ಎರಡು ಹೆರಿಗೆ ಆದವು. ಎರಡೂ ದಿನ ತುಂಬದ ಮಕ್ಕಳು, ಎರಡೂ ಉಳಿಯಲಿಲ್ಲ. ಮೂರನೆಯದು ಎರಡು ಸಾವಿರದ ಇಸವಿಯ ಏಪ್ರಿಲಿನಲ್ಲಿ ಏಳನೇ ತಿಂಗಳಿಗೇ ಹುಟ್ಟಿತು. ಒಂದು ಕಿಲೋ ಇನ್ನೂರು ಗ್ರಾಂ. ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿ ಮೈಗೆಲ್ಲ ನಳಿಕೆ ಚುಚ್ಚಿದ್ದರು. ಪೆಟ್ಟಿಗೆಯ ಮೇಲೆ ‘ಬೇಬಿ ಆಫ್ ರತ್ನಾವತಿ’ ಎಂದು ಬರೆದಿತ್ತು. ಹೆಸರಿಡುವವರೆಗೆ ಎಲ್ಲ ಮಕ್ಕಳಿಗೂ ಹಾಗೆಯೇ ಬರೆಯುತ್ತಾರೆ.

ಆ ವಾರ್ಡಿನಲ್ಲಿ ನರ್ಸ್ ಆಗಿದ್ದವರು ಮಗ್ದಲೀನ್. ಕಿನ್ನಿಗೋಳಿ ಕಡೆಯ ಕೊಂಕಣಿ ಕ್ರಿಸ್ತುವರು. ಖೈತಾನ್‌ನಲ್ಲಿ ಬಂಗೇರರ ಕಟ್ಟಡದಲ್ಲೇ ಎರಡು ಮಹಡಿ ಮೇಲೆ ಅವರ ಮನೆ. ನಮ್ಮೂರಿನ ಹಿಂದೂ ಹೆಂಗಸರು ಕರೆಯುವಂತೆ ರತ್ನಾವತಿ ಅವರನ್ನು ‘ಬಾಯಮ್ಮ’ ಎಂದು ಕರೆಯುತ್ತಾರೆ. ಹತ್ತನೇ ದಿನ ಮಗ್ದಲೀನ್, ಮಗುವಿಗೆ ಒಂದು ಹೆಸರು ಹೇಳಿ ಎಂದು ಕೇಳಿದಾಗ ರತ್ನಾವತಿ ತಲೆಯಲ್ಲಾಡಿಸಿದರಂತೆ.

“ನಾನು ಹೆಸರಿಟ್ರೆ ಉಳಿಯುವುದಿಲ್ಲ ಬಾಯಮ್ಮ. ನಮ್ಮ ಅಜ್ಜಿ ಹೇಳ್ತಿದ್ರು, ಮಕ್ಕಳು ನಿಲ್ಲದಿದ್ರೆ ಮುಂದಿನದನ್ನು ಬೇರೆ ಜಾತಿಯವರಿಗೆ ಕೊಟ್ಟುಬಿಡ್ಬೇಕು ಅಂತ. ಅವರು ಹೆಸರಿಡ್ಬೇಕು. ಆಮೇಲೆ ಒಂದು ಸೇರು ತೌಡು ಕೊಟ್ಟು ಅವರ ಕೈಯಿಂದ ನಾವು ಕೊಂಡುಕೊಳ್ಬೇಕು. ಇದನ್ನು ನೀವೇ ಇಟ್ಟುಕೊಳ್ಳಿ. ನಿಮ್ಮದೇ ಅಂತ ಮಾಡಿ.”

ಮಗ್ದಲೀನ್ ಕರಾವಳಿಯವರೇ ಆದ್ದರಿಂದ ಆಶ್ಚರ್ಯಪಡಲಿಲ್ಲ. ತೌಡಿಗೆ ಮಾರಿದ ಮಕ್ಕಳು ಅವರ ಇಗರ್ಜಿಯ ವಾಡೆಯಲ್ಲೂ ಇದ್ದರು. ಆದರೆ ಅಂಥ ಮಕ್ಕಳಿಗೆ ಸಾವು ಕೂಡ ಮೂಗು ಮುರಿಯಲಿ ಎಂದು ತೌಡ, ತಿಪ್ಪ, ಗುಡ್ಡ ಎಂದೆಲ್ಲ ಹೆಸರಿಡುತ್ತಾರೆ. ಅದು ಅವರಿಗೆ ಸರಿಬರಲಿಲ್ಲ. “ಇಷ್ಟು ಚಿಕ್ಕ ಮಗುವನ್ನು ತಿಪ್ಪ ಅಂತ ಕರೀಲಿಕ್ಕೆ ನನಗೆ ಬಾಯಿ ಬರುವುದಿಲ್ಲ,” ಎಂದವರು ಒಂದು ಬಿಳಿ ಟೇಪಿನ ತುಂಡಿನ ಮೇಲೆ ನೀಲಿ ಪೆನ್ನಿನಲ್ಲಿ ಕೆವಿನ್ ಎಂದು ಬರೆದು ಪೆಟ್ಟಿಗೆಯ ಗಾಜಿಗೆ ಅಂಟಿಸಿದರು.

ಕೆವಿನ್ ಎಂಬುದು ಅವರಿಗೆ ಹೊಳೆದದ್ದು ಅದೇ ವಾರ್ಡಿನಲ್ಲಿದ್ದ ಮೋರಾ ಎಂಬ ಐರಿಷ್ ನರ್ಸಿನಿಂದ. ಮೋರಾ ಪೆಟ್ಟಿಗೆಯ ಪಕ್ಕದ ತೂತಿನಿಂದ ಕೈ ಒಳಗೆ ಹಾಕಿ, ಅಂಗೈಯಲ್ಲಿ ಮಗುವಿನ ತಲೆಯನ್ನೂ ಪಾದವನ್ನೂ ಹಿಡಿದುಕೊಂಡು ಗಂಟೆಗಟ್ಟಲೆ ನಿಲ್ಲುತ್ತಿದ್ದಳಂತೆ. ಕೈ ಜೋಮು ಹಿಡಿಯುವುದಿಲ್ಲವೇ ಎಂದು ಕೇಳಿದರೆ, ನಮ್ಮೂರಿನ ಸಂತ ಕೆವಿನ್ನನಿಗೆ ಹಿಡಿಯಲಿಲ್ಲವಲ್ಲ ಎನ್ನುತ್ತಿದ್ದಳು. ಆ ಸಂತ ಸಾವಿರದ ನಾನೂರು ವರ್ಷಗಳ ಹಿಂದಿನವನು. ಮೋರಾಳ ಊರಿನ ಹತ್ತಿರ ಎರಡು ಕೆರೆಗಳ ಕಣಿವೆಯಲ್ಲಿ ಒಂದು ಇಕ್ಕಟ್ಟು ಗುಡಿಸಲಿನಲ್ಲಿದ್ದನಂತೆ. ಪ್ರಾರ್ಥನೆಗೆಂದು ಕೈ ಚಾಚಿದರೆ ಒಂದು ಕೈ ಕಿಟಕಿಯಿಂದ ಹೊರಗೆ ಹೋಗಬೇಕು, ಅಷ್ಟು ಇಕ್ಕಟ್ಟು. ಹಾಗೆ ಚಾಚಿದ ಅಂಗೈಯಲ್ಲಿ ಒಂದು ಕರಿ ಹಕ್ಕಿ ಬಂದು ಗೂಡು ಕಟ್ಟಿ ಮೊಟ್ಟೆ ಇಟ್ಟಿತು. ಸಂತ ಕೈ ಅಲ್ಲಾಡಿಸಲಿಲ್ಲ. ಮೊಟ್ಟೆ ಒಡೆದು, ಮರಿಗಳಿಗೆ ರೆಕ್ಕೆ ಬಂದು ಹಾರುವವರೆಗೆ ಹಾಗೆಯೇ ಚಾಚಿಕೊಂಡಿದ್ದ ಎಂದು ಕತೆ.

ಎರಡು ಮರಿ ಕಳೆದುಕೊಂಡ ತಾಯಿಗೆ ಈ ಕತೆ ಹೇಳಿದ ಮೇಲೆ ಬೇರೆ ಹೆಸರು ಎಲ್ಲಿಂದ ಬರಬೇಕು? ರತ್ನಾವತಿ ಅಂದೇ ಒಪ್ಪಿದರು.

ಐವತ್ತೆಂಟನೇ ದಿನ ಮಗು ಮನೆಗೆ ಬಂತು. ತೌಡಿಗೆ ಎಲ್ಲಿಗೆ ಹೋಗುವುದು? ಖೈತಾನ್‌ನ ಅಂಗಡಿಗಳಲ್ಲಿ ಓಟ್ಸ್ ಇತ್ತು, ತೌಡು ಇರಲಿಲ್ಲ. ಓಟ್ಸ್ ಆಗುವುದಿಲ್ಲ ಎಂದು ರತ್ನಾವತಿ ಹಟ ಹಿಡಿದರು. ಕಮಲಾಕ್ಷರಿಗೆ ಹೋಟೆಲಿನಲ್ಲಿ ರಜೆ ಸಿಗಲಿಲ್ಲ. ಕೊನೆಗೆ ಮಗ್ದಲೀನರ ಗಂಡ ಕಜೆಟನ್ ಕಾರು ತೆಗೆದುಕೊಂಡು ಫ್ರೈಡೇ ಮಾರ್ಕೆಟ್ಟಿನ ಕುರಿ ಮಾರುವ ಜಾಗಕ್ಕೆ ಹೋಗಿ ಗೋಧಿ ತೌಡು ಕೇಳಿದರು. ಮೂಟೆ ಬೇಡ, ಒಂದು ಸೇರು ಸಾಕು ಎಂದದ್ದಕ್ಕೆ ಅಂಗಡಿಯವನು, ನಿನಗೆಷ್ಟು ಕುರಿ ಎಂದು ಕೇಳಿದನಂತೆ. “ಒಂದೇ ಮಾರಾಯ, ಎರಡು ಕಿಲೋ ಉಂಟು,” ಎಂದು ಕಜೆಟನ್ ಅರಬ್ಬಿಯಲ್ಲಿ ಹೇಗೋ ತಿಳಿಸಿ ತಂದರು. ಮಾರುವವರೇ ಓಡಾಡಿ ಬೆಲೆ ಹೊಂದಿಸಿಕೊಟ್ಟ ವ್ಯಾಪಾರವನ್ನು ನಾನು ಬೇರೆಲ್ಲೂ ಕೇಳಿಲ್ಲ. ಮೊರ ಇರಲಿಲ್ಲವಾದ್ದರಿಂದ ಟಿವಿ ಬಂದಿದ್ದ ರಟ್ಟಿನ ಪೆಟ್ಟಿಗೆಯ ಮುಚ್ಚಳದಲ್ಲಿ ಮಗುವನ್ನು ಮಲಗಿಸಿ ಮಗ್ದಲೀನ್ ತಮ್ಮ ಮನೆಯ ಹೊಸಿಲ ಒಳಗೆ ನಿಂತರು. ರತ್ನಾವತಿ ಹೊರಗೆ ನಿಂತು ಸೆರಗಿನಿಂದ ತೌಡು ಸುರಿದು ಮಗುವನ್ನು ಎತ್ತಿಕೊಂಡರು. ತೌಡನ್ನು ಹಸುವಿಗೆ ಹಾಕಬೇಕಿತ್ತು. ಖೈತಾನ್‌ನಲ್ಲಿ ಹಸು ಎಲ್ಲಿಯದು? ಮಗ್ದಲೀನ್ ಅದನ್ನು ತಾರಸಿಯ ಪಾರಿವಾಳಗಳಿಗೆ ಹಾಕಿದರು.

ಮರುವಾರ ಕಮಲಾಕ್ಷರು ಜನನ ಪತ್ರಕ್ಕೆ ನನ್ನ ಬಳಿ ಬಂದರು. ಅದೇ ವಾರ ಕೆವಿನ್ ಪಿಂಟೊ, ಕೆವಿನ್ ಕ್ರಾಸ್ತಾ ಎಂದು ಎರಡು ಅರ್ಜಿ ಮಾಡಿದ್ದೆ. ಮಂಗಳೂರಿನ ಕ್ರಿಸ್ತುವರಲ್ಲಿ ಆಗ ಆ ಹೆಸರಿನ ಸುಗ್ಗಿ. ಈಗ ಆಲ್ರೊಯ್, ಡ್ಯಾರೆನ್, ವೆಲಿಟಾ ಎಂದು ಕಾಲ ಬದಲಾಗಿದೆ. ಆದರೆ ಕೆವಿನ್ ಎಂಬುದರ ಮುಂದೆ ಬಂಗೇರ ಎಂದು, ಧರ್ಮ ಹಿಂದೂ ಎಂದು ಟೈಪ್ ಮಾಡಿದ್ದು ಅದೊಂದೇ ಸಲ. ಯೋಚಿಸಿ ನೋಡಿ, ಮುಂದೆ ತೊಂದರೆಯಾದೀತು ಎಂದು ನಾನೇ ಹೇಳಿದ್ದೆ. ಕಮಲಾಕ್ಷರು ಹೆಂಡತಿಯನ್ನು ಕೇಳಿ ಬರುತ್ತೇನೆಂದು ಹೋದವರು ಹೆಂಡತಿಯನ್ನೇ ಕರೆತಂದರು. ಹಸಿ ಬಾಣಂತಿ, ತಲೆಗೆ ಬಟ್ಟೆ ಸುತ್ತಿಕೊಂಡು ನನ್ನ ಮೇಜಿನ ಮುಂದೆ ನಿಂತು, “ನೀವು ಟೈಪ್ ಮಾಡಿ ಮಾಸ್ಟ್ರೇ. ತೊಂದರೆ ನಾನು ನೋಡ್ಕೊಳ್ತೇನೆ,” ಎಂದರು. ಧ್ವನಿ ತೀರಾ ಕೆಳಗಿತ್ತು.

ತೊಂದರೆ ಬಂತು, ಅವರು ನೋಡಿಕೊಂಡರು. ಮಗನಿಗೆ ಸಂಘದ ಮಕ್ಕಳ ಕೂಟದಲ್ಲಿ ‘ನೀನು ಪೊರ್ಬುವಾ, ಕ್ರಿಸ್ತುವನಾ?’ ಎಂದು ತಮಾಷೆ ಮಾಡಿದರೆ ಮೈಕಿನ ಮುಂದೆಯೇ ಹೋಗಿ ನಿಂತರು. ಊರಿನಲ್ಲಿ ನೆಂಟರು, ಮತಾಂತರ ಆದಿರಾ ಎಂದು ಕಿಸಕ್ಕನೆ ನಕ್ಕರೆ, “ನಮ್ಮ ಮನೆಯ ದೈವಕ್ಕೆ ವರ್ಷ ವರ್ಷ ಕೆವಿನ್ ಹೆಸರಲ್ಲೇ ತಂಬಿಲ ಆಗ್ತಾ ಉಂಟು. ದೈವ ಇದುವರೆಗೆ ಬೇಡ ಅನ್ನಲಿಲ್ಲ. ನಿಮಗೆಂತ?” ಎಂದರು. ಮಗ ಬೆಳೆದು, ಮಂಗಳೂರಿನಲ್ಲಿ ಡಿಪ್ಲೊಮಾ ಓದಿ, ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ ಗುತ್ತಿಗೆದಾರರ ಕೈಕೆಳಗೆ ಟೆಕ್ನೀಷಿಯನ್ ಆದ. ಅಲ್ಲಿಯೇ ಸೂಪರ್‌ವೈಸರ್ ಆಗಿರುವ ವಾಮನ ಸಾಲ್ಯಾನರ ಮಗಳು ದೀಕ್ಷಿತಾಳನ್ನು ಮೆಚ್ಚಿದ. ಇಬ್ಬರೂ ತುಳುವರು, ಬರಿ, ಅಂದರೆ ಗೋತ್ರ, ಬೇರೆ ಬೇರೆ, ಜಾತಕವೂ ಕೂಡಿತು. ಎಲ್ಲ ಸುಸೂತ್ರ ಎನ್ನುವಾಗ ಸಾಲ್ಯಾನರು ಹೆಸರಿನ ಕಡ್ಡಿ ಅಡ್ಡ ಇಟ್ಟರು.

ಗಂಡ ನನ್ನ ಅಂಗಡಿಗೆ ಬಂದು ಹೋದ ಸುದ್ದಿ ಎರಡೇ ದಿನದಲ್ಲಿ ರತ್ನಾವತಿಗೆ ಸಿಕ್ಕಿತು. ಹೇಳಿದವರು ಕಮಲಾಕ್ಷರೇ. ಅವರಿಗೆ ಗುಟ್ಟು ನಿಲ್ಲುವುದಿಲ್ಲ. ಮಗ ಕೂಡ, “ಅಮ್ಮ, ಇಟ್ಸ್ ಓನ್ಲಿ ಆನ್ ಪೇಪರ್. ನೀವು ಮನೇಲಿ ಕೆವಿನ್ ಅಂತಾನೇ ಕರೀರಿ,” ಎಂದ. ಗಂಡ, ಮಗ ಸೇರಿ ಕೊನೆಯ ಅಸ್ತ್ರವಾಗಿ ಮಗ್ದಲೀನರನ್ನು ಕರೆತಂದರು. ಹೆಸರಿಟ್ಟವರೇ ಬೇಡವೆಂದರೆ ಈ ಹೆಂಗಸು ಏನು ಮಾಡೀತು ಎಂಬ ಲೆಕ್ಕಾಚಾರ. ಮಗ್ದಲೀನ್ ಈಗ ನಿವೃತ್ತರಾಗಿ, ಗಂಡನ ಇಕಾಮಾದ ಮೇಲೆ ಇದ್ದಾರೆ, ಮೊಣಕಾಲು ನೋವು. ಎರಡು ಮಹಡಿ ಇಳಿದು ಬಂದು ಸೋಫಾದಲ್ಲಿ ಕೂತು ಅವರು ಹೇಳಿದ್ದನ್ನು ಕಜೆಟನ್ ನನಗೆ ಆಮೇಲೆ ವರದಿ ಮಾಡಿದರು.

“ಬದಲಾಯಿಸು ರತ್ನಾ. ಮಗು ಉಳಿಯಿತಲ್ಲ, ಹೆಸರಿನ ಕೆಲಸ ಮುಗೀತು. ನನಗೆ ಬೇಜಾರಿಲ್ಲ. ಹುಡುಗಿ ಒಳ್ಳೆಯವಳು.”

“ಸರಿ ಬಾಯಮ್ಮ. ನನ್ನ ತೌಡು ವಾಪಸ್ ಕೊಡಿ.”

“ಎಲ್ಲಿಂದ ಕೊಡಲಿ? ಆವತ್ತೇ ಪಾರಿವಾಳ ತಿಂದಿತಲ್ಲ.”

“ಹಾಗಾದ್ರೆ ವ್ಯಾಪಾರ ಖಲಾಸ್. ನಿಮಗೆ ಈಗ ಮಾತಾಡ್ಲಿಕ್ಕೆ ಇಲ್ಲ. ಚಾ ಕುಡೀರಿ.”

ಮಗ್ದಲೀನ್ ಚಾ ಕುಡಿದು ಹೋದರು. ಮೆಟ್ಟಿಲು ಹತ್ತುವಾಗ ಅತ್ತರು ಎಂದು ಕಜೆಟನ್ ಹೇಳಿದರು. ಯಾಕೆ ಅತ್ತದ್ದೆಂದು ಅವರಿಗೂ ಗೊತ್ತಿಲ್ಲ, ನನಗೆ ಗೊತ್ತಾಯಿತು ಎನಿಸುತ್ತದೆ. ತಾವು ಬಿಟ್ಟುಕೊಟ್ಟ ಹೆಸರನ್ನು ರತ್ನಾವತಿ ಬಿಡಲಿಲ್ಲ.

ಅದರ ಮರುವಾರ, ಗುರುವಾರ ಮಧ್ಯಾಹ್ನ ರತ್ನಾವತಿ ನನಗೆ ಫೋನ್ ಮಾಡಿದರು. “ನಾಳೆ ಫಹಾಹೀಲಿಗೆ ಸಾಲ್ಯಾನ್ರ ಮನೆಗೆ ಹೋಗ್ತಿದ್ದೇವೆ. ನೀವೂ ಬನ್ನಿ ಮಾಸ್ಟ್ರೇ. ಹೆಸರಿನ ವಿಷಯ ಓದಿದವರೊಬ್ಬರು ಬೇಕು.” ಓದಿದವನೆಂದು ಕರೆದ ಮೇಲೆ ಹೋಗದೆ ಇರುವುದು ಹೇಗೆ? ಅಂದು ಸಂಜೆಯೇ ಕೂತು ಆ ಹೆಸರಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿಕೊಂಡೆ.

ಸಾಲ್ಯಾನರು ಕೆಟ್ಟ ಮನುಷ್ಯರಲ್ಲ. ಬಾಗಿಲಿಗೇ ಬಂದು ಕರೆದರು, ಸೋಫಾ ಸೆಟ್ಟಿನ ಮೇಲೆ ಹೊಸ ಬಟ್ಟೆ ಹಾಸಿದ್ದರು, ಟೇಬಲ್ ತುಂಬ ತಿಂಡಿ. ಎಲ್ಲ ಕೂತ ಮೇಲೆ ಅವರೇ ಶುರು ಮಾಡಿದರು.

“ನೋಡಿ ರತ್ನಕ್ಕ, ಹುಡುಗನ ಮೇಲೆ ನನಗೆ ಎಂತದೂ ಇಲ್ಲ. ದಿನಾ ನನ್ನ ಕಣ್ಣೆದುರೇ ಕೆಲಸ ಮಾಡ್ತಾನೆ, ಬಂಗಾರದಂಥವ. ಆದ್ರೆ ಊರಲ್ಲಿ ಕಾರ್ಡ್ ಕೊಡ್ಲಿಕ್ಕೆ ಹೋದ್ರೆ ನನ್ನ ಅಣ್ಣ ಫಸ್ಟ್ ಕೇಳುವುದೇ, ಮಗಳನ್ನು ಎಲ್ಲಿಗೆ ಕೊಟ್ಟೆ ಅಂತ. ಒಬ್ಬೊಬ್ಬರಿಗೂ ನಿಂತು ಕತೆ ಹೇಳ್ಲಿಕ್ಕೆ ಆಗ್ತದಾ? ಮತ್ತೆ ನಮ್ಮ ಮಗ ಹರ್ಷಿತ್ ಜರ್ಮನಿಯಲ್ಲಿ ಓದ್ತಾ ಇದ್ದಾನಲ್ಲ, ಅವ ಹೇಳಿದ, ಅಲ್ಲಿ ಕೆವಿನ್ ಅಂದ್ರೆ ನಗ್ತಾರಂತೆ. ಕ್ಲಾಸಲ್ಲಿ ಗಲಾಟೆ ಮಾಡುವ ಹುಡುಗ ಅಂತ ಟೀಚರುಗಳೇ ಮೊದಲೇ ತೀರ್ಮಾನ ಮಾಡ್ತಾರಂತೆ.”

ನನಗೆ ಸಿಟ್ಟು ಬಂತು. ಓದಿದ್ದೆಲ್ಲ ಹೊರಗೆ ಬಂತು. ಅದೇ ಜರ್ಮನಿಯಲ್ಲಿ ತೊಂಬತ್ತೊಂದರಲ್ಲಿ ಗಂಡು ಮಕ್ಕಳಿಗೆ ಅದೇ ಮೊದಲ ಹೆಸರು, ಫ್ರಾನ್ಸಿನಲ್ಲೂ ಆ ಕಾಲಕ್ಕೆ ಅದೇ ಮೊದಲನೆಯದು, ಅಮೆರಿಕದಲ್ಲಿ ಅದಕ್ಕೂ ಮೂವತ್ತು ವರ್ಷ ಮೊದಲೇ ಮನೆಮಾತಾಗಿತ್ತು ಎಂದೆ. ಐರ್ಲೆಂಡಿನಲ್ಲಿ ಅಜ್ಜಂದಿರ ಕಾಲದಿಂದ ಇದ್ದದ್ದು ಈಗ ಎಳೆ ಮಕ್ಕಳಿಗೆ ಕಡಿಮೆಯಾಗಿದೆ, ಅಷ್ಟೇ. “ಜನ ಒಂದು ಹೆಸರನ್ನು ಮೊದಲು ತಲೆ ಮೇಲೆ ಹೊತ್ತು ಕುಣೀತಾರೆ, ಹತ್ತು ವರ್ಷ ಕಳೆದ ಮೇಲೆ ಅದನ್ನೇ ನೋಡಿ ನಗ್ತಾರೆ. ಅದು ಜನರ ಚಪಲ ಸಾಲ್ಯಾನ್ರೇ, ಹೆಸರಿನ ತಪ್ಪಲ್ಲ. ಮೂಲದಲ್ಲಿ ಅದು ಕೀವೀನ್ ಅಂತ. ಹಳೆ ಐರಿಷ್ ಮಾತು. ಸೌಮ್ಯ ಅಂತ ಒಂದು ಅರ್ಥ, ಜನನ ಅಂತ ಇನ್ನೊಂದು. ಎರಡೂ ಸೇರಿ ಸೌಮ್ಯವಾಗಿ ಹುಟ್ಟಿದವ. ನಿಮ್ಮ ಕೌಶಿಕನಿಗಿಂತ ಯಾವುದರಲ್ಲಿ ಕಮ್ಮಿ?”

“ಅರ್ಥ ಚಂದ ಉಂಟು,” ಎಂದರು ಸಾಲ್ಯಾನರು ಸಮಾಧಾನವಾಗಿ. “ಕಾರ್ಡಲ್ಲಿ ಅರ್ಥ ಬರೀಲಿಕ್ಕೆ ಆಗುವುದಿಲ್ಲ ಅಲ್ವಾ ಮಾಸ್ಟ್ರೇ.”

ನಾನು ಸೋತೆ. ಓದಿದವರು ಇಂಥ ಕಡೆ ಸೋಲುವುದೇ ಹೆಚ್ಚು.

ಈಗ ರತ್ನಾವತಿ ಬ್ಯಾಗಿನಿಂದ ಚಿನ್ನದ ಅಂಗಡಿಯವರು ಕೊಡುವ ಪುಟ್ಟ ಕೆಂಪು ಪರ್ಸನ್ನು ತೆಗೆದರು. ಹುಡುಗಿಗೆ ಏನೋ ಒಡವೆ ತಂದಿದ್ದಾರೆಂದು ಸಾಲ್ಯಾನರ ಹೆಂಡತಿ ಮುಂದೆ ಸರಿದು ಕೂತರು. ರತ್ನಾವತಿ ತಿಂಡಿಯ ತಟ್ಟೆಗಳನ್ನು ಬದಿಗೆ ಸರಿಸಿ, ಪರ್ಸಿನಿಂದ ಮೂರು ಪ್ಲಾಸ್ಟಿಕ್ ಪಟ್ಟಿಗಳನ್ನು ತೆಗೆದು ಟೇಬಲ್ಲಿನ ಮೇಲೆ ಸಾಲಾಗಿ ಇಟ್ಟರು. ಆಸ್ಪತ್ರೆಯಲ್ಲಿ ಹಸುಗೂಸುಗಳ ಕೈಗೆ ಕಟ್ಟುವ ಪಟ್ಟಿಗಳು. ಹಳೆಯದಾಗಿ ಹಳದಿ ತಿರುಗಿದ್ದವು. ಇವು ಇರುವುದು ನನಗೆ ಗೊತ್ತಿರಲಿಲ್ಲ. ಕೆವಿನ್ನನ ಮುಖ ನೋಡಿದರೆ ಅವನಿಗೂ ಗೊತ್ತಿರಲಿಲ್ಲ.

ಧ್ವನಿ ಇಳಿದಿತ್ತು. ನಾವೆಲ್ಲ ಬಗ್ಗಿ ಕೇಳಬೇಕಾಯಿತು.

“ಇದು ಮೊದಲಿನದ್ದು. ಗಂಡು. ಹದಿನೇಳು ಗಂಟೆ ಇತ್ತು. ಬರೆದದ್ದು ಓದಿ ಸಾಲ್ಯಾನ್ರೇ. ಬೇಬಿ ಆಫ್ ರತ್ನಾವತಿ. ಇದು ಎರಡನೆಯದ್ದು. ಹೆಣ್ಣು. ನಾಲ್ಕು ದಿನ. ಇದಕ್ಕೂ ಅದೇ ಬರೆದದ್ದು. ಇವರಿಬ್ಬರಿಗೂ ಹೆಸರಿಲ್ಲ. ಇಡ್ಲಿಕ್ಕೆ ಪುರುಸೊತ್ತು ಸಿಗ್ಲಿಲ್ಲ. ಒಮ್ಮೊಮ್ಮೆ ನೆನಪಾದ್ರೆ ಎಂತ ಅಂತ ಕರೆಯುವುದು ಇವರನ್ನು? ನನ್ನ ಹೆಸರನ್ನೇ ನಾನು ಕರ್ಕೊಳ್ಬೇಕು.”

ಮೂರನೆಯ ಪಟ್ಟಿಯ ಮೇಲೆ, ಪೆಟ್ಟಿಗೆಯ ಗಾಜಿನಿಂದ ಕಿತ್ತ ಆ ಬಿಳಿ ಟೇಪಿನ ತುಂಡು ಅಂಟಿಕೊಂಡಿತ್ತು. ನೀಲಿ ಶಾಯಿ ಅರ್ಧ ಮಾಸಿತ್ತು. ಅವರು ಅದರ ಮೇಲೆ ಬೆರಳಿಟ್ಟರು.

“ನನ್ನ ಮೂರು ಮಕ್ಕಳಲ್ಲಿ ಹೆಸರು ಉಂಟಾದದ್ದು ಇದೊಂದಕ್ಕೆ. ಅದನ್ನು ತೆಗೀರಿ ಅಂತ ನನ್ನತ್ರ ಯಾರೂ ಹೇಳ್ಬೇಡಿ. ನಿಮ್ಮ ಅಣ್ಣ ಹೇಳ್ಬಾರ್ದು, ನೀವು ಹೇಳ್ಬಾರ್ದು, ಇವರೂ ಹೇಳ್ಬಾರ್ದು. ಮದುವೆ ಬೇಡ ಅಂತಾದ್ರೆ ಬೇಡ. ನನ್ನ ಮಗ ಎರಡು ದಿನ ಅಳ್ತಾನೆ, ನಾನೂ ಅಳ್ತೇನೆ. ಹೆಸರು ತೆಗೆಯುವುದಿಲ್ಲ.”

ಕೆವಿನ್ ಎದ್ದು ಬಂದು ಆ ಮೂರನೆಯ ಪಟ್ಟಿಯನ್ನು ಎತ್ತಿಕೊಂಡು, ಏನೆನ್ನಿಸಿತೋ, ಬೆರಳಿಗೆ ಹಾಕಿ ನೋಡಿದ. ಹೆಬ್ಬೆರಳಿಗೂ ಬಿಗಿಯಾಯಿತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ದೀಕ್ಷಿತಾ ಅದನ್ನು ನೋಡಿ ಅಪ್ಪನ ಕಡೆ ತಿರುಗಿದಳು.

“ಡ್ಯಾಡಿ, ಐ ಸೆಡ್ ಯೆಸ್ ಟು ಕೆವಿನ್. ಐ ಡೋಂಟ್ ನೋ ಎನಿ ಕೌಶಿಕ್.”

ಸಾಲ್ಯಾನರು ಮುಖ ಒರೆಸಿಕೊಂಡರು. “ನನಗೆ ಒಂದು ವಾರ ಕೊಡಿ,” ಎಂದರು. “ನಾನು ಇಪ್ಪತ್ತೈದು ವರ್ಷ ತಗೊಂಡಿದ್ದೇನೆ, ನೀವು ಒಂದು ವಾರ ತಗೊಳ್ಳಿ,” ಎಂದು ರತ್ನಾವತಿ ಪಟ್ಟಿಗಳನ್ನು ಒಂದೊಂದಾಗಿ ಪರ್ಸಿಗೆ ಹಾಕಿಕೊಂಡು ಎದ್ದರು. ತಿಂಡಿ ಹಾಗೆಯೇ ಉಳಿಯಿತು. ವಾಪಸ್ ಬರುವಾಗ ಕಾರಿನಲ್ಲಿ ಕಮಲಾಕ್ಷರು ಹಿಂದೆ ಕೂತು ಹೆಂಡತಿಯ ಕೈ ಹಿಡಿದುಕೊಂಡಿದ್ದನ್ನು ನಾನು ಕನ್ನಡಿಯಲ್ಲಿ ನೋಡಿದೆ. ನೋಡದವನ ಹಾಗೆ ಗಾಡಿ ಓಡಿಸಿದೆ.

ವಾರ ಮುಗಿಯುವ ಮೊದಲೇ, ಬುಧವಾರ ಮಧ್ಯಾಹ್ನ ಮಕ್ಕಳನ್ನು ಇಳಿಸಿ ರತ್ನಾವತಿ ನೇರ ನನ್ನ ಅಂಗಡಿಗೆ ಬಂದರು.

“ಮದುವೆ ಕಾರ್ಡಿನ ಮ್ಯಾಟರ್ ಟೈಪ್ ಮಾಡಿ ಮಾಸ್ಟ್ರೇ. ಊರಿಗೆ ಪ್ರೆಸ್ಸಿಗೆ ಕಳಿಸ್ಲಿಕ್ಕುಂಟು.”

“ಸಾಲ್ಯಾನ್ರು ಒಪ್ಪಿದ್ರಾ?”

“ಇಲ್ಲ. ಹುಡುಗಿಯ ಹೆಸರಿನ ಜಾಗ ಖಾಲಿ ಬಿಡಿ. ಅವರು ಒಪ್ಪಿದ್ರೆ ದೀಕ್ಷಿತಾ. ಒಪ್ಪದಿದ್ರೆ ಯಾವ ಹುಡುಗಿ ಬರ್ತಾಳೋ ಅವಳು. ಹುಡುಗನ ಹೆಸರು ಮಾತ್ರ ಇವತ್ತೇ ಹಾಕಿ.”

ಅವರು ಹೇಳುತ್ತಾ ಹೋದರು, ನಾನು ಟೈಪ್ ಮಾಡುತ್ತಾ ಹೋದೆ. ಶ್ರೀ ಕಮಲಾಕ್ಷ ಬಂಗೇರ ಹಾಗೂ ಶ್ರೀಮತಿ ರತ್ನಾವತಿ ದಂಪತಿ, ಶ್ರೀಮತಿ ಮಗ್ದಲೀನ್ ಹಾಗೂ ಶ್ರೀ ಕಜೆಟನ್ ದಂಪತಿಯಿಂದ ಒಂದು ಸೇರು ತೌಡಿಗೆ ಕೊಂಡ ಸುಪುತ್ರ. ಇಲ್ಲಿಗೆ ಬಂದಾಗ ನಾನು ತಲೆ ಎತ್ತಿದೆ. “ಇದನ್ನೂ ಹಾಕುವುದಾ?”

“ಹಾಕಿ. ಒಬ್ಬೊಬ್ಬರಿಗೂ ನಿಂತು ಕತೆ ಹೇಳ್ಲಿಕ್ಕೆ ಆಗುವುದಿಲ್ಲ ಅಂದ್ರಲ್ಲ ಅವರು. ಕಾರ್ಡೇ ಹೇಳ್ಲಿ.”

ನನಗೆ ಕುರ್ಚಿಯಿಂದ ಎದ್ದು ಆ ಹೆಂಗಸಿಗೆ ಕೈ ಮುಗಿಯಬೇಕೆನಿಸಿತು. ಅಂಗಡಿಯಲ್ಲಿ ಬೇರೆ ಗಿರಾಕಿಗಳಿದ್ದರೆಂದು ಸುಮ್ಮನಾದೆ. ಮದುಮಗನ ಹೆಸರಿನ ಹಿಂದೆ ಎಲ್ಲ ಕಾರ್ಡುಗಳಲ್ಲೂ ಹಾಕುವಂತೆ ಚಿರಂಜೀವಿ ಎಂದು ಟೈಪ್ ಮಾಡಲು ಹೊರಟಾಗ ಅವರು ಥಟ್ಟನೆ ನನ್ನ ಕೈ ತಡೆದರು.

“ಅದು ಬೇಡ. ಹೆಸರು ಸಾಕು.”

ಯಾಕೆಂದು ನಾನು ಕೇಳಲಿಲ್ಲ. ಅಷ್ಟೆಲ್ಲ ಜನರ ಮುಂದೆ ತಲೆ ಬಗ್ಗಿಸದ ಹೆಂಗಸು, ಆ ಒಂದು ಮಾತನ್ನು ಬಾಯಲ್ಲಿ ಹೇಳಲು, ಕಾಗದದಲ್ಲಿ ಕಾಣಲು ಇಪ್ಪತ್ತೈದು ವರ್ಷದಿಂದ ಹೆದರಿಕೊಂಡೇ ಬಂದಿದ್ದಾರೆ ಎಂದು ನನಗೆ ಅಲ್ಲೇ ಹೊಳೆಯಿತು. ಬರೀ ಕೆವಿನ್ ಎಂದು ಬಿಟ್ಟೆ. ಅದರ ಕೆಳಗೆ ಹುಡುಗಿಯ ಜಾಗದಲ್ಲಿ ಚುಕ್ಕಿಗಳ ಸಾಲು. ಪ್ರಿಂಟ್ ತೆಗೆದು, ಒಂದು ಪ್ರತಿ ನನ್ನ ಬಳಿ ಇಟ್ಟುಕೊಂಡು ಕಳಿಸಿಕೊಟ್ಟೆ.

ಮರುದಿನ ಸಂಜೆ ಡ್ಯೂಟಿ ಮುಗಿಸಿ ವಾಮನ ಸಾಲ್ಯಾನರು ಬಂದರು. ಒಬ್ಬರೇ. ಕಂಪನಿಯ ಶರ್ಟು ಕೂಡ ಬದಲಾಯಿಸಿರಲಿಲ್ಲ. ಕೆಲಸದಲ್ಲಿ ಕೆವಿನ್ ಹೇಳಿದನಂತೆ, ಕಾರ್ಡಿನ ಮ್ಯಾಟರ್ ತೋರಿಸಿ ಎಂದರು. ಕೊಟ್ಟೆ. ನಿಂತೇ ಓದಿದರು. ತೌಡಿನ ಸಾಲಿಗೆ ಬಂದಾಗ ಹುಬ್ಬು ಏರಿತು. ನನ್ನ ಜೇಬಿನ ಪೆನ್ನು ಕೇಳಿದರು. ಆ ಸಾಲನ್ನು ಹೊಡೆದು ಹಾಕುತ್ತಾರೆ ಎಂದುಕೊಂಡು ನಾನೂ ಜಗಳಕ್ಕೆ ಸಿದ್ಧನಾಗಿ ಎದ್ದು ನಿಂತೆ. ಈ ಸಲ ಸೋಲುವುದಿಲ್ಲವೆಂದು ನಿಶ್ಚಯಿಸಿದ್ದೆ.

ಅವರು ಚುಕ್ಕಿಗಳ ಮೇಲೆ ದೀಕ್ಷಿತಾ ಎಂದು ಬರೆದರು. ಆಮೇಲೆ “ಟೈಪಿಂಗಲ್ಲಿ ಒಂದು ಬಿಟ್ಟುಹೋಗಿದೆ ಮಾಸ್ಟ್ರೇ,” ಎಂದು ಕೆವಿನ್ ಎಂಬುದರ ಹಿಂದೆ ಇದ್ದ ಕಿರಿದಾದ ಜಾಗದಲ್ಲಿ ಒತ್ತಿ ಒತ್ತಿ ಚಿರಂಜೀವಿ ಎಂದು ಬರೆದರು. ಬಾಕಿ ಎಲ್ಲ ಹಾಗೆಯೇ ಇರಲಿ, ತೌಡು ಕೂಡ ಇರಲಿ, ಅಣ್ಣನಿಗೆ ನಾನು ಹೇಳುತ್ತೇನೆ ಎಂದು ಪೆನ್ನು ವಾಪಸ್ ಕೊಟ್ಟು ಹೋದರು.

ಅದೇ ಕಾಗದವನ್ನು ಶನಿವಾರ ರತ್ನಾವತಿಗೆ ತೋರಿಸಿದೆ. ಬೆರಳಿಟ್ಟು ನಿಧಾನ ಓದಿದರು. ದೀಕ್ಷಿತಾ ಎಂಬಲ್ಲಿ ನಿಲ್ಲಲಿಲ್ಲ. ಆ ಕೈಬರಹದ ಪದದ ಮೇಲೆ ಬೆರಳು ನಿಂತಿತು. ತುಟಿ ಅಲ್ಲಾಡಿತು, ಸದ್ದು ಬರಲಿಲ್ಲ. ಇನ್ನೊಮ್ಮೆ ಅಲ್ಲಾಡಿತು. ಮೂರನೆಯ ಸಲ ಅವರು ಅದನ್ನು ಬಾಯಿ ಬಿಟ್ಟು, ಬಸ್ಸಿನ ಬಾಗಿಲಲ್ಲಿ ನಿಂತು ಮಕ್ಕಳನ್ನು ಕರೆಯುವ ಧ್ವನಿಯಲ್ಲಿ ಹೇಳಿದರು.

“ಚಿರಂಜೀವಿ ಕೆವಿನ್.”

ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ರತ್ನಾವತಿ ಕಣ್ಣು ಒರೆಸಿಕೊಳ್ಳಲೂ ಇಲ್ಲ. ಕಾಗದವನ್ನು ನನ್ನ ಮುಂದೆ ಇಟ್ಟು, “ಇದನ್ನು ದಪ್ಪ ಅಕ್ಷರದಲ್ಲಿ ಹಾಕಿ ಮಾಸ್ಟ್ರೇ,” ಎಂದರು.